ಯಾರ ಕಡೆಯ ರಕ್ತ?

ನಮ್ಮ ಮನೆಗಳಲ್ಲಿ ಕ್ಯಾನ್ಸರ್ ಎಂಬ ಶಬ್ದವನ್ನು ಬಾಯಿಬಿಟ್ಟು ಹೇಳುವವರು ಇಂದಿಗೂ ಕಡಿಮೆ. ‘ಆ ಕಾಯಿಲೆ’ ಎನ್ನುತ್ತೇವೆ, ‘ದೊಡ್ಡ ರೋಗ’ ಎನ್ನುತ್ತೇವೆ, ಮರಣದ ಪ್ರಕಟಣೆಯಲ್ಲಿ ‘ದೀರ್ಘಕಾಲದ ಅಸ್ವಸ್ಥತೆ’ ಎಂದು ಬರೆಸುತ್ತೇವೆ. ಪೂಜೆಯಲ್ಲಿ ರೋಗಿಗಳಿಗಾಗಿ ಪ್ರಾರ್ಥಿಸುವಾಗಲೂ ವ್ಯಕ್ತಿಯ ಹೆಸರು ಹೇಳಿ ರೋಗದ ಹೆಸರನ್ನು ನುಂಗಿಬಿಡುವುದೇ ವಾಡಿಕೆ. ಕನ್ನಡದ ವಿಜ್ಞಾನ ಲೇಖಕರು ಇದಕ್ಕೆ ‘ಏಡಿಗಂತಿ’ ಎಂಬ ಒಳ್ಳೆಯ ಹೆಸರನ್ನು ಬಳಕೆಗೆ ತಂದರು. ಸಂಸ್ಕೃತದಿಂದ ‘ಅರ್ಬುದ’ ಬಂದಿತು. ಎರಡೂ ಪುಸ್ತಕಗಳಲ್ಲೇ ಉಳಿದವು. ಹೆಸರನ್ನು ಹೇಳಲು ಹೀಗೆ ಹಿಂಜರಿಯುವ ನಾವು ರೋಗದ ಕಾರಣವನ್ನು ಕುರಿತು ಮಾತ್ರ ಸುಮ್ಮನಿರುವುದಿಲ್ಲ. ಆ ಮಾತು ಪಿಸುದನಿಯಲ್ಲಿ ನಡೆಯುತ್ತದೆ. ಪಿಸುದನಿಯಲ್ಲಿ ನಡೆದದ್ದು ಬಹುಬೇಗ ಆರೋಪವಾಗುತ್ತದೆ.

ಮೂವತ್ತೊಂದು ವರ್ಷ ಪ್ರೌಢಶಾಲೆಯಲ್ಲಿ ಜೀವಶಾಸ್ತ್ರ ಕಲಿಸಿದವಳು ನಾನು. ಜೀವಕೋಶದ ಚಿತ್ರವನ್ನು ಕಪ್ಪುಹಲಗೆಯ ಮೇಲೆ ಎಷ್ಟು ಸಾವಿರ ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಆ ಚಿತ್ರವನ್ನು ನಮ್ಮದೇ ಮನೆಯ ಊಟದ ಮೇಜಿನ ಮೇಲೆ, ಒಂದು ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆಯಬೇಕಾಗಿ ಬಂದದ್ದು 2016ರಲ್ಲಿ.

ನನ್ನ ತಂಗಿಯ ಮಗಳನ್ನು ಮಲೆನಾಡಿನ ಒಂದು ಅಡಿಕೆ ಬೆಳೆಗಾರರ ಮನೆಗೆ ಕೊಟ್ಟಿದ್ದೆವು. 2015ರ ಏಪ್ರಿಲ್‌ನಲ್ಲಿ ಆಕೆಗೆ ಚೊಚ್ಚಲು ಹೆಣ್ಣುಮಗು ಹುಟ್ಟಿತು. ಆ ವರ್ಷದ ಕ್ರಿಸ್ಮಸ್ಸಿಗೆ ಮಗುವನ್ನು ಗೋದಲಿಯ ಮುಂದೆ ಕೂರಿಸಿ ಚಿತ್ರ ತೆಗೆದರು. ಫ್ಲ್ಯಾಷ್ ಬೆಳಕಿನಲ್ಲಿ ತೆಗೆದ ಚಿತ್ರಗಳಲ್ಲಿ ಕಣ್ಣಿನ ಪಾಪೆ ಕೆಂಪಗೆ ಹೊಳೆಯುವುದನ್ನು ಎಲ್ಲರೂ ನೋಡಿದ್ದೇವೆ; ಕಣ್ಣಿನ ಹಿಂಭಿತ್ತಿಯಲ್ಲಿರುವ ರಕ್ತನಾಳಗಳ ಬಣ್ಣ ಅದು. ಮಗುವಿನ ಎಡಗಣ್ಣು ಹಾಗೆಯೇ ಕೆಂಪಗಿತ್ತು. ಬಲಗಣ್ಣು ಬೆಳ್ಳಗೆ, ರಾತ್ರಿ ಬೆಕ್ಕಿನ ಕಣ್ಣು ಹೊಳೆಯುವಂತೆ ಹೊಳೆಯುತ್ತಿತ್ತು. ‘ಗೋದಲಿಯ ನಕ್ಷತ್ರ ಕಣ್ಣೊಳಗೆ ಬಂದಿದೆ’ ಎಂದು ಮನೆಯವರು ಸಂತೋಷಪಟ್ಟರಂತೆ. ಊರಿನ ವೈದ್ಯರು ಮೆಳ್ಳೆಗಣ್ಣಿರಬೇಕು, ಬೆಳೆಯುತ್ತ ಸರಿಹೋಗುತ್ತದೆ ಎಂದರು. ನನ್ನ ತಂಗಿಯ ಮಗಳಿಗೆ ಸಮಾಧಾನವಾಗಲಿಲ್ಲ. ಆಕೆ ಹಟಮಾಡಿ ಮಗುವನ್ನು ಬೆಂಗಳೂರಿಗೆ ಕರೆತಂದಳು. ಜನವರಿಯ ಮೂರನೆಯ ವಾರದಲ್ಲಿ ರೋಗದ ಹೆಸರು ಗೊತ್ತಾಯಿತು: ರೆಟಿನೊಬ್ಲಾಸ್ಟೊಮ, ಅಂದರೆ ಅಕ್ಷಿಪಟಲದ ಕ್ಯಾನ್ಸರ್. ಬಲಗಣ್ಣಿನಲ್ಲಿ ದೊಡ್ಡ ಗಂತಿ, ಎಡಗಣ್ಣಿನಲ್ಲಿ ಎರಡು ಸಣ್ಣವು.

ಬಲಗಣ್ಣನ್ನು ತೆಗೆದರು. ಎಡಗಣ್ಣನ್ನು ಉಳಿಸಿಕೊಳ್ಳಲು ಔಷಧ ಮತ್ತು ಲೇಸರ್ ಚಿಕಿತ್ಸೆ ನಡೆಯಿತು. ಮಗುವಿಗೆ ಕೊಟ್ಟ ಮೂರು ಔಷಧಗಳಲ್ಲಿ ಒಂದು ವಿನ್‌ಕ್ರಿಸ್ಟೀನ್. ನಮ್ಮ ಸಮಾಧಿಭೂಮಿಯ ಗೋಡೆಯ ಬುಡದಲ್ಲಿ ಯಾರೂ ನೀರೆರೆಯದೆ ಬೆಳೆಯುವ ನಿತ್ಯಪುಷ್ಪದ ಗಿಡದಿಂದ ಬಂದದ್ದು. ವಿಭಜನೆಯಾಗುತ್ತಿರುವ ಜೀವಕೋಶದಲ್ಲಿ ವರ್ಣತಂತುಗಳನ್ನು ಎರಡು ಪಾಲಾಗಿ ಎಳೆಯುವ ಸೂಕ್ಷ್ಮ ನೂಲುಗಳು ಕಟ್ಟಿಕೊಳ್ಳದಂತೆ ಅದು ತಡೆಯುತ್ತದೆ. ಸತ್ತವರ ತಲೆಯ ಬಳಿ ಅರಳುವ ಹೂವಿನ ಗಿಡಕ್ಕೆ ಇಂಥ ಕೆಲಸವೂ ಇದೆಯೆಂದು ತಿಳಿದ ಮೇಲೆ ನಾನು ಅದನ್ನು ಕಳೆಯೆಂದು ಕೀಳುವುದನ್ನು ಬಿಟ್ಟೆ.

ಚಿಕಿತ್ಸೆ ನಡೆಯುತ್ತಿರುವಾಗಲೇ ಇತ್ತ ಇನ್ನೊಂದು ವಿಚಾರಣೆ ಆರಂಭವಾಗಿತ್ತು. ಮಗುವಿನ ಅಜ್ಜಿ, ಅಂದರೆ ನನ್ನ ತಂಗಿಯ ಮಗಳ ಅತ್ತೆ, ಕೆಟ್ಟವರಲ್ಲ. ಮೊಮ್ಮಗಳನ್ನು ಎದೆಗವಚಿಕೊಂಡು ರಾತ್ರಿಯೆಲ್ಲ ಆಸ್ಪತ್ರೆಯ ಜಗಲಿಯಲ್ಲಿ ಕೂತವರು. ಆದರೆ ದುಃಖಕ್ಕೆ ಒಂದು ವಿಳಾಸ ಬೇಕಾಗುತ್ತದೆ. “ನಮ್ಮ ವಂಶದಲ್ಲಿ ಏಳು ತಲೆಮಾರಿಗೂ ಇಂಥದ್ದಿಲ್ಲ, ಅಕ್ಕ. ಇದು ಯಾರ ಕಡೆಯ ರಕ್ತವೋ ನೀವೇ ಹೇಳಿ. ನೀವು ಓದಿದವರು,” ಎಂದರು. ಗರ್ಭಿಣಿಯಾಗಿದ್ದಾಗ ಗ್ರಹಣದ ದಿನ ಸೊಸೆ ಅಂಗಳಕ್ಕೆ ಬಂದಿದ್ದಳೆಂಬ ಮಾತನ್ನು ಯಾರೋ ಎತ್ತಿದರು. ನಮ್ಮ ಕಡೆಯವರು ಸುಮ್ಮನಿದ್ದರೇ? ಅವರ ತೋಟಕ್ಕೆ ಹೊಡೆಯುವ ಔಷಧಿಯ ಮಾತನ್ನು ಇವರು ಎತ್ತಿದರು. ನನ್ನ ತಂಗಿಯ ಮಗಳು ಯಾರಿಗೂ ಉತ್ತರಿಸಲಿಲ್ಲ. ಒಂದು ರಾತ್ರಿ ನನಗೆ ದೂರವಾಣಿ ಮಾಡಿ, “ದೊಡ್ಡಮ್ಮ, ನನ್ನಿಂದಲೇ ಬಂತೇ? ಇದೊಂದನ್ನು ಸುಳ್ಳು ಹೇಳದೆ ಹೇಳು,” ಎಂದಳು.

ಹುಟ್ಟುಕುರುಡನನ್ನು ಕಂಡು ಇದು ಯಾರ ಪಾಪದ ಫಲವೆಂದು ಶಿಷ್ಯರು ಕೇಳಿದ ಪ್ರಸಂಗ ಯೊವಾನ್ನರ ಶುಭಸಂದೇಶದಲ್ಲಿದೆ. ಅವನದೂ ಅಲ್ಲ, ಅವನ ತಂದೆತಾಯಿಗಳದೂ ಅಲ್ಲವೆಂಬುದು ಅಲ್ಲಿ ಯೇಸುಸ್ವಾಮಿ ಕೊಡುವ ಉತ್ತರದ ತಾತ್ಪರ್ಯ. ಪೂಜೆಯಲ್ಲಿ ಎಷ್ಟೋ ಸಲ ಕೇಳಿದ್ದೇವೆ. ಮನೆಗೆ ಬಂದು ಅದೇ ಪ್ರಶ್ನೆಯನ್ನು ಮತ್ತೆ ಕೇಳುತ್ತೇವೆ. ನನ್ನ ತಂಗಿಯ ಮಗಳಿಗೆ ಬೇಕಾಗಿದ್ದುದು ಸಾಂತ್ವನವಲ್ಲ, ಉತ್ತರ. ಆದುದರಿಂದ ನಾನು ಮತ್ತೆ ಪುಸ್ತಕ ಹಿಡಿದೆ.

ಓದುಗರೇ, ನಮ್ಮ ದೇಹದಲ್ಲಿ ಸುಮಾರು 30 ಲಕ್ಷ ಕೋಟಿ ಜೀವಕೋಶಗಳಿವೆ. ಕೋಶಕೇಂದ್ರವಿರುವ ಕೋಶಗಳೊಳಗೆ ತಾಯಿಯಿಂದ ಬಂದ 300 ಕೋಟಿ ಅಕ್ಷರಗಳ ಒಂದು ಬರಹ, ತಂದೆಯಿಂದ ಬಂದ ಅಷ್ಟೇ ದೊಡ್ಡ ಇನ್ನೊಂದು ಬರಹ ಇರುತ್ತವೆ. ಅದೇ ಡಿಎನ್ಎ. ಒಂದು ಕೋಶ ಎರಡಾಗುವ ಮುನ್ನ ಆ ಎರಡೂ ಬರಹಗಳನ್ನು ಆದಿಯಿಂದ ಅಂತ್ಯದವರೆಗೆ ನಕಲು ಮಾಡಬೇಕು. ನಕಲುಗಾರನ ತಪ್ಪುಗಳನ್ನು ತಿದ್ದುವ ವ್ಯವಸ್ಥೆಯೂ ಕೋಶದೊಳಗೇ ಇದೆ. ಆದರೂ ಒಂದೋ ಎರಡೋ ತಪ್ಪುಗಳು ಉಳಿದುಬಿಡುತ್ತವೆ. ಬಹುತೇಕ ತಪ್ಪುಗಳಿಂದ ಏನೂ ಆಗುವುದಿಲ್ಲ. ಕೆಲವು ಮಾತ್ರ ಬೀಳಬಾರದ ಜಾಗದಲ್ಲಿ ಬೀಳುತ್ತವೆ. ಕೋಶವನ್ನು ‘ಬೆಳೆ’ ಎಂದು ಪ್ರೇರೇಪಿಸುವ ವಂಶವಾಹಿಗಳಿವೆ, ‘ನಿಲ್ಲು’ ಎಂದು ತಡೆಯುವವೂ ಇವೆ. ಮೊದಲನೆಯ ಬಗೆಯಲ್ಲಿ ರ‍್ಯಾಸ್ ಎಂಬ ವಂಶವಾಹಿಯೊಂದಿದೆ. ಮೂತ್ರಕೋಶದ ಕ್ಯಾನ್ಸರಿನಿಂದ ಪಡೆದ ಕೋಶಗಳಲ್ಲಿ ಅದರ ಒಂದೇ ಒಂದು ಅಕ್ಷರ ಬದಲಾಗಿ, ಬೆಳವಣಿಗೆಯ ಆಜ್ಞೆ ನಿಲ್ಲದೆ ಹೊರಡುತ್ತಿತ್ತೆಂದು 1982ರಲ್ಲಿ ಕಂಡುಬಂತು. ಒಂದು ಅಕ್ಷರ! ವಿದ್ಯಾರ್ಥಿಗಳ ಉತ್ತರಪತ್ರಿಕೆಯಲ್ಲಿ ಕಾಗುಣಿತ ತಪ್ಪಿದ್ದಕ್ಕೆ ನಾನು ಅರ್ಧ ಅಂಕವನ್ನಷ್ಟೇ ಕಳೆಯುತ್ತಿದ್ದೆ.

ನಮ್ಮ ಮಗುವಿನ ರೋಗ ಎರಡನೆಯ ಬಗೆಯದು. ಅದರ ಗುಟ್ಟನ್ನು ಮೊದಲು ಬಿಡಿಸಿದವರು ಆಲ್ಫ್ರೆಡ್ ನಡ್ಸನ್ ಎಂಬ ಅಮೆರಿಕದ ಮಕ್ಕಳ ವೈದ್ಯರು, ತಳಿವಿಜ್ಞಾನಿಯೂ ಹೌದು. 1922ರಲ್ಲಿ ಹುಟ್ಟಿ 2016ರಲ್ಲಿ ತೀರಿಕೊಂಡರು. ಅವರ ಕೆಲಸದ ಸೊಗಸೆಂದರೆ ಅದಕ್ಕೆ ಸೂಕ್ಷ್ಮದರ್ಶಕ ಬೇಕಾಗಲಿಲ್ಲ, ಪ್ರಯೋಗಶಾಲೆ ಬೇಕಾಗಲಿಲ್ಲ. ಹ್ಯೂಸ್ಟನ್ ನಗರದ ಎಂ.ಡಿ. ಆಂಡರ್ಸನ್ ಆಸ್ಪತ್ರೆಗೆ 1944ರಿಂದ 1969ರವರೆಗೆ ಬಂದ 48 ಮಕ್ಕಳ ಹಳೆಯ ದಾಖಲೆಗಳನ್ನು ಅವರು ತೆಗೆದುಕೊಂಡರು. ಯಾವ ಮಗುವಿಗೆ ಒಂದು ಕಣ್ಣಿನಲ್ಲಿ ರೋಗ, ಯಾವುದಕ್ಕೆ ಎರಡರಲ್ಲೂ. ಯಾವ ವಯಸ್ಸಿನಲ್ಲಿ ಪತ್ತೆಯಾಯಿತು. ಮನೆಯಲ್ಲಿ ಬೇರೆ ಯಾರಿಗಾದರೂ ಇತ್ತೇ. ಇಷ್ಟನ್ನೇ ಬರೆದುಕೊಂಡು ರೇಖೆ ಎಳೆದರು. ಎರಡೂ ಕಣ್ಣಿನ ರೋಗ ಬಂದ ಮಕ್ಕಳ ರೇಖೆ ಒಂದೇ ಆಕಸ್ಮಿಕ ಘಟನೆಗಾಗಿ ಕಾಯುತ್ತಿದ್ದಂತೆ ಇಳಿಯಿತು. ಒಂದೇ ಕಣ್ಣಿನ ಮಕ್ಕಳ ರೇಖೆ ನಿಧಾನವಾಗಿ ಬಾಗಿತು; ಎರಡು ಘಟನೆಗಳು ನಡೆಯಬೇಕಾದಾಗ ರೇಖೆ ಹಾಗೆ ಬಾಗುತ್ತದೆ. 1971ರಲ್ಲಿ ಅವರು ಪ್ರಕಟಿಸಿದ ಈ ವಿಚಾರಕ್ಕೆ ‘ಎರಡು ಪೆಟ್ಟುಗಳ ಸಿದ್ಧಾಂತ’ ಎಂಬ ಹೆಸರು ಬಂದಿತು.

ಕ್ಯಾಲೆಂಡರಿನ ಹಿಂಬದಿಯಲ್ಲಿ ನಾನು ಬರೆದದ್ದು ಇದನ್ನೇ. ಅತ್ತೆ, ಮಾವ, ಅಳಿಯ, ನನ್ನ ತಂಗಿ, ಎಲ್ಲರೂ ಮೇಜಿನ ಸುತ್ತ ಇದ್ದರು. ಒಂದು ಊರಿನ ಪ್ರತಿ ಮನೆಯ ಬಾಗಿಲಿಗೂ ಎರಡೆರಡು ಚಿಲಕಗಳಿವೆ ಎಂದುಕೊಳ್ಳಿ, ಎಂದೆ. ಒಂದು ತಾಯಿ ಕೊಟ್ಟದ್ದು, ಇನ್ನೊಂದು ತಂದೆ ಕೊಟ್ಟದ್ದು. ಒಂದು ಮುರಿದರೂ ಇನ್ನೊಂದು ಬಾಗಿಲನ್ನು ಹಿಡಿದಿರುತ್ತದೆ. ಒಂದೇ ಮನೆಯ ಎರಡೂ ಚಿಲಕಗಳು ಮುರಿಯುವುದು ಅಪರೂಪ. ಹಾಗಾದಾಗ ಆ ಒಂದು ಮನೆಗೆ ಮಾತ್ರ ಕಳ್ಳ ನುಗ್ಗುತ್ತಾನೆ. ಒಂದೇ ಕಣ್ಣಿನಲ್ಲಿ, ಸಾಮಾನ್ಯವಾಗಿ ಎರಡು ವರ್ಷದ ಹೊತ್ತಿಗೆ ಬರುವ ರೋಗ ಬಹುಮಟ್ಟಿಗೆ ಇಂಥದು. ಆದರೆ ಊರನ್ನು ಕಟ್ಟುವಾಗಲೇ ಪ್ರತಿ ಬಾಗಿಲಿನ ಒಂದು ಚಿಲಕ ಮುರಿದೇ ಬಂದಿದ್ದರೆ? ಆಗ ಉಳಿದ ಚಿಲಕ ಎಲ್ಲಿ ಸಡಿಲವಾದರೂ ಸಾಕು. ರೋಗ ಬೇಗ ಬರುತ್ತದೆ, ಎರಡೂ ಕಣ್ಣಿಗೆ ಬರುತ್ತದೆ, ಒಂದಕ್ಕಿಂತ ಹೆಚ್ಚು ಕಡೆ ಬರುತ್ತದೆ. ಹುಟ್ಟುವಾಗಲೇ ಒಂದು ಪೆಟ್ಟು ತಿಂದ ಮಗುವಿನಲ್ಲಿ ಸರಾಸರಿ ಮೂರು ಗಂತಿಗಳು ಏಳುತ್ತವೆಂದು ನಡ್ಸನ್ ಲೆಕ್ಕ ಹಾಕಿದ್ದರು. ನಮ್ಮ ಮಗುವಿಗೆ ಇದ್ದದ್ದೂ ಮೂರೇ. ಸರಾಸರಿ ಎಂದಮೇಲೆ ಕೆಲವರಿಗೆ ಐದಾರು ಇರಬಹುದು, ಕೆಲವರಿಗೆ ಒಂದೂ ಇಲ್ಲದಿರಬಹುದು. ದೋಷವನ್ನು ಹೊತ್ತೂ ರೋಗವಿಲ್ಲದೆ ಬಾಳಿ ಹೋಗುವವರು ಇರುವುದು ಹೀಗೆ.

“ಹಾಗಾದರೆ ಆ ಮುರಿದ ಚಿಲಕ ಯಾರು ಕೊಟ್ಟದ್ದು?” ಎಂದರು ಮಗುವಿನ ಅಜ್ಜಿ. ಅವರು ಪಾಠವನ್ನು ನನ್ನ ಎಷ್ಟೋ ವಿದ್ಯಾರ್ಥಿಗಳಿಗಿಂತ ಚೆನ್ನಾಗಿ ಕೇಳಿಸಿಕೊಂಡಿದ್ದರು.

ಆ ಪ್ರಶ್ನೆಗೆ ಉತ್ತರ ಕೊಡುವ ಪರೀಕ್ಷೆ ಇದೆ. ದೋಷವಿರುವ ವಂಶವಾಹಿಯನ್ನು 1986ರಲ್ಲಿ ಸ್ಟೀಫನ್ ಫ್ರೆಂಡ್, ರಾಬರ್ಟ್ ವೈನ್‌ಬರ್ಗ್, ಥ್ಯಾಡಿಯಸ್ ಡ್ರೈಜಾ ಮೊದಲಾದವರು ಬೇರ್ಪಡಿಸಿದರು. ಅದಕ್ಕೆ ಆರ್‌ಬಿ1 ಎಂದು ಹೆಸರು. 13ನೆಯ ವರ್ಣತಂತುವಿನ ಮೇಲಿದೆ. ಸುಮಾರು 1,80,000 ಅಕ್ಷರಗಳಷ್ಟು ಉದ್ದ. ಅದು ಹೇಳಿಕೊಟ್ಟಂತೆ ಕೋಶವು 928 ಅಮೈನೊ ಆಮ್ಲಗಳ ಒಂದು ಪ್ರೋಟೀನನ್ನು ಕಟ್ಟುತ್ತದೆ. ನಕಲು ಕೆಲಸ ಆರಂಭಿಸುವ ವಂಶವಾಹಿಗಳನ್ನು ಎಚ್ಚರಗೊಳಿಸುವ ಇ2ಎಫ್ ಎಂಬ ಕೆಲವು ಪ್ರೋಟೀನುಗಳಿವೆ. ಆರ್‌ಬಿ ಪ್ರೋಟೀನು ಅವುಗಳ ಕೈಹಿಡಿದು ಕೂರಿಸಿರುತ್ತದೆ. ಬೆಳೆಯಲು ಸರಿಯಾದ ಕರೆ ಬಂದಾಗ ಆರ್‌ಬಿಯ ಮೈಮೇಲೆ ಫಾಸ್ಫೇಟಿನ ಗುಂಪುಗಳು ಬಂದು ಕೂರುತ್ತವೆ, ಅದು ಹಿಡಿತ ಬಿಡುತ್ತದೆ, ಕೋಶ ಎರಡಾಗುತ್ತದೆ. ಮುಗಿದ ಮೇಲೆ ಮತ್ತೆ ಹಿಡಿಯುತ್ತದೆ. ಹಿಡಿಯುವ ಕೈಯೇ ಇಲ್ಲದಿದ್ದರೆ ಕರೆ ಬರಲಿ ಬಾರದಿರಲಿ ಕೋಶ ಒಡೆಯುತ್ತಲೇ ಹೋಗುತ್ತದೆ. ಅಕ್ಷಿಪಟಲವನ್ನು ಕಟ್ಟುವ ಎಳೆಯ ಕೋಶಗಳು ಗರ್ಭದಲ್ಲೂ ಹುಟ್ಟಿದ ಮೊದಲ ವರ್ಷಗಳಲ್ಲೂ ವೇಗವಾಗಿ ಬೆಳೆದು ಆಮೇಲೆ ಸುಮ್ಮನಾಗುತ್ತವೆ. ಐದು ವರ್ಷ ದಾಟಿದವರಲ್ಲಿ ಈ ರೋಗ ಹೊಸದಾಗಿ ಕಾಣಿಸುವುದು ವಿರಳವಾಗಿರಲು ಇದೇ ಕಾರಣ.

ಮಗುವಿನ ರಕ್ತವನ್ನೂ ತಂದೆತಾಯಿಯರ ರಕ್ತವನ್ನೂ ಪರೀಕ್ಷೆಗೆ ಕಳುಹಿಸಿದರು. ಮಗುವಿನ ರಕ್ತದಲ್ಲಿ ಆರ್‌ಬಿ1ರ ಒಂದು ಪ್ರತಿಯಲ್ಲಿ ತಪ್ಪಿತ್ತು. ವಾಕ್ಯದ ನಡುವೆಯೇ ಪೂರ್ಣವಿರಾಮ ಬಿದ್ದಂತೆ ಪ್ರೋಟೀನು ಅರ್ಧಕ್ಕೇ ನಿಂತುಬಿಡುವ ಬಗೆಯ ತಪ್ಪು. ತಾಯಿಯ ರಕ್ತದಲ್ಲಿ ಅದಿಲ್ಲ. ತಂದೆಯ ರಕ್ತದಲ್ಲೂ ಇಲ್ಲ. ವಂಶಪಾರಂಪರ್ಯವಾಗಿ ದಾಟಬಲ್ಲ ದೋಷವನ್ನು ಹೊತ್ತು ಹುಟ್ಟುವ ಇಂಥ ಮಕ್ಕಳಲ್ಲಿ ಹೆಚ್ಚಿನವರ ಮನೆಗಳಲ್ಲಿ ಹಿಂದೆ ಯಾರಿಗೂ ರೋಗವಿರುವುದಿಲ್ಲ. ದೋಷ ಆ ಮಗುವಿನಲ್ಲೇ ಮೊದಲು ತಲೆದೋರಿರುತ್ತದೆ. ಏಳು ತಲೆಮಾರಿಗೂ ಇಲ್ಲವೆಂದ ಅಜ್ಜಿಯ ಮಾತು ನಿಜವೇ ಆಗಿತ್ತು. ನಮ್ಮ ಕಡೆಯ ಏಳು ತಲೆಮಾರಿಗೂ ಇರಲಿಲ್ಲ.

ಇಲ್ಲಿ ಇನ್ನೊಂದು ಸಂಗತಿಯಿದೆ. ಹೆಣ್ಣಿನ ಅಂಡಾಣುಗಳ ಮೂಲಕೋಶಗಳು ಆಕೆ ಹುಟ್ಟುವ ಮೊದಲೇ ವಿಭಜನೆಯನ್ನು ಮುಗಿಸಿರುತ್ತವೆ. ಗಂಡಿನ ವೀರ್ಯಾಣುಗಳನ್ನು ಕೊಡುವ ಕೋಶಗಳು ಮಾತ್ರ ಹರೆಯದಿಂದ ಮುಪ್ಪಿನವರೆಗೂ ಒಡೆಯುತ್ತಲೇ ಇರುತ್ತವೆ. ನಕಲು ಹೆಚ್ಚಿದಷ್ಟೂ ತಪ್ಪು ಹೆಚ್ಚು. ಆದುದರಿಂದ ಆರ್‌ಬಿ1ರಲ್ಲಿ ಹೊಸದಾಗಿ ಹುಟ್ಟುವ ದೋಷಗಳಲ್ಲಿ ಬಹುಪಾಲು ತಂದೆಯಿಂದ ಬಂದ ಪ್ರತಿಯಲ್ಲೇ ಕಾಣುತ್ತವೆ. ಇದು ನನಗೆ ಗೊತ್ತಿತ್ತು. ಆ ಮೇಜಿನ ಸುತ್ತ ಕೂತಿದ್ದವರಿಗೆ ನಾನು ಹೇಳಲಿಲ್ಲ. ಹೇಳಿದ್ದರೆ ಸೊಸೆಯ ಕಡೆಗೆ ಚಾಚಿದ್ದ ಬೆರಳುಗಳು ಒಂದು ನಿಮಿಷದಲ್ಲಿ ಅಳಿಯನ ಕಡೆಗೆ ತಿರುಗುತ್ತಿದ್ದವು; ನಮ್ಮ ಕಡೆಯವರಿಗೆ ಗೆದ್ದ ಸಂತೋಷವಾಗುತ್ತಿತ್ತು. ಆ ಹುಡುಗ ಮಗಳ ಕೃತಕ ಕಣ್ಣನ್ನು ತೊಳೆದು ಮತ್ತೆ ಕೂರಿಸುವುದನ್ನು ಎಲ್ಲರಿಗಿಂತ ಮೊದಲು ಕಲಿತವನು. ಯಾರೂ ಬೇಕೆಂದು ಮಾಡದ, ಯಾರೂ ತಡೆಯಲಾಗದ ಒಂದು ನಕಲುದೋಷಕ್ಕೆ ಒಡೆಯನನ್ನು ಹುಡುಕುವ ಕೆಲಸಕ್ಕೆ ವಿಜ್ಞಾನವನ್ನು ಬಳಸಲು ನನಗೆ ಮನಸ್ಸಾಗಲಿಲ್ಲ. ನನ್ನ ತಂಗಿಯ ಮಗಳು ಒಬ್ಬಳೇ ಇದ್ದಾಗ ಅವಳಿಗೆ ಹೇಳಿದೆ, ಏಕೆಂದರೆ ಅವಳು ಸುಳ್ಳು ಬೇಡವೆಂದು ಕೇಳಿದ್ದಳು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅವರಿಗೆ ಇದು ಗೊತ್ತಾಗುವುದು ಬೇಡ, ದೊಡ್ಡಮ್ಮ,” ಎಂದಳು. ಈಚೆಗೆ ತಿಳಿದದ್ದು: ಅವನಿಗೆ ಅದು ಮೊದಲೇ ಗೊತ್ತಿತ್ತು. ವೈದ್ಯರನ್ನು ಕೇಳಿ ತಿಳಿದುಕೊಂಡಿದ್ದನಂತೆ. ಈಗ ಈ ಬರಹವನ್ನು ಇಬ್ಬರಿಗೂ ತೋರಿಸಿಯೇ ಕಳುಹಿಸುತ್ತಿದ್ದೇನೆ.

ಎರಡನೆಯ ಮಗುವಿನ ಯೋಚನೆ ಬಂದಾಗ ಭಯ ಮತ್ತೆ ತಲೆಯೆತ್ತಿತು. ತಂದೆತಾಯಿಯರ ರಕ್ತದಲ್ಲಿ ದೋಷವಿಲ್ಲದಿದ್ದರೂ ಬೀಜಕೋಶಗಳ ಒಂದು ಪಾಲಿನಲ್ಲಿ ಅದು ಅಡಗಿರುವ ಸಣ್ಣ ಸಾಧ್ಯತೆ ಉಳಿದೇ ಇರುತ್ತದೆ. ನೂರರಲ್ಲಿ ಕೆಲವೇ ಪಾಲು. 2019ರಲ್ಲಿ ಗಂಡುಮಗು ಹುಟ್ಟಿದಾಗ ಹೊಕ್ಕುಳಬಳ್ಳಿಯ ರಕ್ತವನ್ನು ಪರೀಕ್ಷೆಗೆ ಕಳುಹಿಸಿದರು. ಯಾವ ಅಕ್ಷರವನ್ನು ಹುಡುಕಬೇಕೆಂಬುದು ಅಕ್ಕನ ಪರೀಕ್ಷೆಯಿಂದ ಗೊತ್ತಿದ್ದುದರಿಂದ ಕೆಲಸ ಸುಲಭವಾಯಿತು. ದೋಷ ಇರಲಿಲ್ಲ. ಫಲಿತಾಂಶ ಬರುವ ತನಕ ಆ ಮನೆಯಲ್ಲಿ ಯಾರೂ ಮಗುವಿನ ಚಿತ್ರ ತೆಗೆಯಲಿಲ್ಲ.

ಒಂದು ಮಗುವಿನ ಕಣ್ಣಿನ ಕಥೆ ಇತರರಿಗೆ ಏತಕ್ಕೆಂದು ಕೇಳುವವರಿರಬಹುದು. ಹುಟ್ಟಿನಿಂದಲೇ ಬರುವ ದೋಷದ ಪಾಲು ಒಟ್ಟು ಕ್ಯಾನ್ಸರುಗಳಲ್ಲಿ ನೂರಕ್ಕೆ ಐದರಿಂದ ಹತ್ತು ಮಾತ್ರ. ಉಳಿದವುಗಳಲ್ಲಿ ಪೆಟ್ಟುಗಳೆಲ್ಲ ಬದುಕಿನ ನಡುವೆ ಬೀಳುವಂಥವು. ಆದರೆ ಮುರಿಯುವ ಚಿಲಕಗಳು ಎಷ್ಟೋ ಸಲ ಇವೇ. ಗರ್ಭಕೊರಳಿನ ಕ್ಯಾನ್ಸರನ್ನೇ ನೋಡಿ. 1983ರಲ್ಲಿ ಜರ್ಮನಿಯ ಹರಾಲ್ಡ್ ಟ್ಸುರ್ ಹೌಸೆನ್ ಅವರು ಅದರಲ್ಲಿ ಎಚ್‌ಪಿವಿ 16 ಎಂಬ ವೈರಾಣುವನ್ನು ಕಂಡುಹಿಡಿದರು. 2008ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂದಿತು. ಆ ವೈರಾಣು ತಯಾರಿಸುವ ಇ7 ಎಂಬ ಪ್ರೋಟೀನು ನೇರವಾಗಿ ಹೋಗಿ ಆರ್‌ಬಿಯನ್ನೇ ಹಿಡಿದು ನಾಶಮಾಡುತ್ತದೆ. ಹಸುಗೂಸಿನ ಕಣ್ಣಿನಲ್ಲಿ ಸಿಕ್ಕ ಕಾವಲುಗಾರನೇ ತಾಯಂದಿರ ಗರ್ಭಕೊರಳಿನಲ್ಲೂ ಕಾವಲಿದ್ದಾನೆ. ಅಲ್ಲಿ ವಂಶವಾಹಿ ಸರಿಯಾಗಿಯೇ ಇರುತ್ತದೆ, ಅದು ಕಟ್ಟಿದ ಪ್ರೋಟೀನನ್ನು ವೈರಾಣು ಕೊಲ್ಲುತ್ತದೆ. ಇ6 ಎಂಬ ಜೊತೆಗಾರ ಪಿ53 ಎಂಬ ಇನ್ನೊಬ್ಬ ಕಾವಲುಗಾರನನ್ನು ಮುಗಿಸುತ್ತದೆ. ಇದಕ್ಕೆ 2006ರಿಂದ ಲಸಿಕೆಯಿದೆ, 2022ರಲ್ಲಿ ನಮ್ಮ ದೇಶದಲ್ಲೇ ತಯಾರಾದ ಲಸಿಕೆಗೂ ಅನುಮತಿ ಸಿಕ್ಕಿತು. ನಾಚಿಕೆಯ ವಿಷಯವೆಂದು ಹೆಣ್ಣುಮಕ್ಕಳ ತಾಯಂದಿರು ಇದನ್ನು ವೈದ್ಯರ ಬಳಿ ಕೇಳದಿರುವುದು ನನಗೆ ಸಹಿಸಲಾಗದ ಸಂಗತಿ.

ತಂಬಾಕಿನ ಕಥೆ ಎಲ್ಲರೂ ಬಲ್ಲರು, ಬಲ್ಲೆವೆಂದೇ ಯಾರೂ ಕೇಳುವುದಿಲ್ಲ. ಹೊಗೆಯಲ್ಲಿರುವ ಬೆಂಜೊಪೈರೀನ್ ಎಂಬ ವಸ್ತು ದೇಹದೊಳಗೆ ಮಾರ್ಪಟ್ಟು ಡಿಎನ್ಎಯ ‘ಜಿ’ ಅಕ್ಷರಕ್ಕೆ ಮೇಣದಂತೆ ಅಂಟಿಕೊಳ್ಳುತ್ತದೆ. ನಕಲು ಮಾಡುವಾಗ ಅದು ‘ಟಿ’ ಎಂದು ಓದಲ್ಪಡುತ್ತದೆ. ಧೂಮಪಾನಿಗಳ ಶ್ವಾಸಕೋಶದ ಗಂತಿಗಳಲ್ಲಿ ಈ ಬದಲಾವಣೆ ಬೆರಳಗುರುತಿನಂತೆ ಉಳಿದಿರುತ್ತದೆ. ಇನ್ನು ಅಡಿಕೆ. ತಂಬಾಕು ಬೆರೆಸದ ಬರಿಯ ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಮಂಡಲಿ 2004ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ನಿರ್ಣಯಿಸಿದೆ. ಇದು ನಮ್ಮ ಬೀಗರಿಗೆ ಕಹಿಯಾದ ಮಾತು. ಅವರ ಅನ್ನ ಅದರಿಂದಲೇ. ನಾನು ಹೇಳಿದೆ, ಅವರು ಕೇಳಿದರು, ಎಲೆಯಡಿಕೆಯ ತಟ್ಟೆಯನ್ನು ನನ್ನ ಮುಂದಿನಿಂದ ಮಾತ್ರ ಆಚೆ ಸರಿಸಿದರು.

ನಮ್ಮ ದೇಶದಲ್ಲಿ ವರ್ಷಕ್ಕೆ ಸಾವಿರಕ್ಕೂ ಹೆಚ್ಚು ಮಕ್ಕಳಿಗೆ ಈ ಕಣ್ಣಿನ ಕ್ಯಾನ್ಸರ್ ಬರುತ್ತದೆ. ಸಕಾಲದಲ್ಲಿ ಸಿಕ್ಕರೆ ಬಹುತೇಕ ಎಲ್ಲ ಮಕ್ಕಳೂ ಬದುಕುತ್ತಾರೆ. ಕತ್ತಲಲ್ಲಿ ಅಥವಾ ಚಿತ್ರದಲ್ಲಿ ಪಾಪೆ ಬೆಳ್ಳಗೆ ಹೊಳೆಯುವುದು, ಹೊಸದಾಗಿ ಬಂದ ಮೆಳ್ಳೆಗಣ್ಣು, ಇವೆರಡೇ ಮುಖ್ಯ ಸೂಚನೆಗಳು. ಪಾಪೆಯ ಬಿಳಿ ಹೊಳಪಿಗೆ ಬೇರೆ ಕಾರಣಗಳೂ ಇರಬಹುದು. ಕಣ್ಣಿನ ವೈದ್ಯರು ಪಾಪೆಯನ್ನು ಹಿಗ್ಗಿಸಿ ನೋಡಿದರೆ ತಿಳಿಯುತ್ತದೆ. ಮೊಬೈಲಿನಲ್ಲಿ ಮಕ್ಕಳ ನೂರಾರು ಚಿತ್ರಗಳನ್ನು ತುಂಬಿಕೊಂಡಿರುವ ಅಜ್ಜಿಯರಿಗೆ ಇದು ಕಷ್ಟದ ಕೆಲಸವಲ್ಲ.

ಮಗುವಿಗೆ ಈಗ ಹತ್ತು ದಾಟಿದೆ. ಉಳಿದ ಕಣ್ಣಿನಿಂದ ಎಲ್ಲರಂತೆ ಓದುತ್ತಾಳೆ, ಸೈಕಲ್ ತುಳಿಯುತ್ತಾಳೆ, ಆಡುವಾಗ ಪೆಟ್ಟು ಬೀಳದಂತೆ ಕನ್ನಡಕ ಹಾಕಿಕೊಳ್ಳುತ್ತಾಳೆ. ದೇಹದ ಪ್ರತಿ ಬಾಗಿಲಿನಲ್ಲೂ ಒಂದೇ ಚಿಲಕವಿರುವುದರಿಂದ ಮುಂದೆ ಮೂಳೆಯ ಅಥವಾ ಚರ್ಮದ ಕ್ಯಾನ್ಸರ್ ಬರುವ ಸಾಧ್ಯತೆ ಅವಳಿಗೆ ಇತರರಿಗಿಂತ ಹೆಚ್ಚು. ವಿಕಿರಣ ಚಿಕಿತ್ಸೆ ಆ ಅಪಾಯವನ್ನು ಇನ್ನಷ್ಟು ಹೆಚ್ಚಿಸುವುದೆಂದೇ ವೈದ್ಯರು ಅದನ್ನು ಬಳಸಲಿಲ್ಲ. ಬಿಸಿಲಿಗೆ ಟೋಪಿ, ವರ್ಷವರ್ಷದ ತಪಾಸಣೆ, ಎಲ್ಲಾದರೂ ಮೂಳೆ ನೋವು ಉಳಿದರೆ ತಡಮಾಡದೆ ಹೇಳುವುದು. ಇವು ಆಕೆಗೆ ಹಲ್ಲುಜ್ಜುವಷ್ಟೇ ಅಭ್ಯಾಸವಾಗಿವೆ.

ಕಳೆದ ಬೇಸಿಗೆ ರಜೆಯಲ್ಲಿ ನಮ್ಮ ಮನೆಗೆ ಬಂದಿದ್ದಾಗ, “ಅಜ್ಜಿ, ನನಗೆ ಮಗು ಹುಟ್ಟಿದರೆ ಅದಕ್ಕೂ ಬರುತ್ತದಾ?” ಎಂದು ಕೇಳಿದಳು. ಎರಡು ಕಡ್ಡಿಗಳನ್ನು ಕೊಟ್ಟು, ಇವುಗಳಲ್ಲಿ ಒಂದು ಮುರಿದದ್ದು, ಒಂದು ಗಟ್ಟಿ, ಕಣ್ಣುಮುಚ್ಚಿ ಒಂದನ್ನು ತೆಗೆದು ಮಗುವಿಗೆ ಕೊಡುತ್ತೀಯ ಎಂದೆ. ಮುರಿದದ್ದು ಹೋಗಿದೆಯೋ ಗಟ್ಟಿಯದು ಹೋಗಿದೆಯೋ ಎಂಬುದನ್ನು ಮಗು ಹುಟ್ಟಿದ ದಿನವೇ, ಬೇಕಾದರೆ ಅದಕ್ಕೂ ಮೊದಲೇ, ಪರೀಕ್ಷೆ ಮಾಡಿ ಹೇಳುತ್ತಾರೆ. ಮುರಿದದ್ದೇ ಹೋಗಿದ್ದರೂ ಗಂತಿ ಸಾಸಿವೆಯಷ್ಟಿರುವಾಗಲೇ ಹಿಡಿಯುತ್ತಾರೆ, ನಿನ್ನ ಅಮ್ಮನಿಗೆ ಇದ್ದಂತೆ ನಿನಗೆ ಕತ್ತಲಲ್ಲಿ ಹುಡುಕಬೇಕಾಗಿಲ್ಲ ಎಂದೆ. ಅವಳು ಕಡ್ಡಿಗಳನ್ನು ಬೆನ್ನ ಹಿಂದೆ ಹಿಡಿದುಕೊಂಡು ತಮ್ಮನನ್ನು ಕರೆದು, ಒಂದನ್ನು ಆರಿಸು ಎಂದಳು.